ಮಲೆನಾಡಿನ ಥಂಡಿಗೆ ಯಾವ ಕೋಳಿ, ಎಂಥ ಗೂಡು?

ಪ್ರಶ್ನೆ: ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ಕಳೆದ ಜೂನಿನಲ್ಲಿ ಒಂದು ದಿನದ 30 ಗಿರಿರಾಜ ಮರಿ ತಂದೆ. ಥಂಡಿ ಆಗಬಾರದು ಅಂತ ಗೂಡಿನ ನಾಲ್ಕೂ ಕಡೆ ತಾಡಪಾಲು ಬಿಗಿದು ಒಳಗೆ ಎರಡು ಬಲ್ಬು ಹಾಕಿದ್ದೆ. ಆದರೂ ಗೌರಿ ಹಬ್ಬದ ಹೊತ್ತಿಗೆ ಉಳಿದದ್ದು 11. ಈಗ ಮಾಗಿ ಚಳಿ ಶುರುವಾಗಿದೆ. ಹಿಮ ಬೀಳುವ ದೇಶದ ಬ್ರಹ್ಮಾ, ಆರ್ಪಿಂಗ್ಟನ್ ಥರದ ಕೋಳಿ ತಂದರೆ ನಮ್ಮ ಚಳಿಗೆ ತಡೆಯುತ್ತವಾ? ಗೂಡಿಗೆ ಹೀಟರ್ ಹಾಕಬೇಕಾ? ಇನ್ನೊಂದು 20 ಕೋಳಿ ಸಾಕುವ ಆಸೆ ಇದೆ.

ಉತ್ತರ: ಹತ್ತೊಂಬತ್ತು ಮರಿ ಕಣ್ಣೆದುರಿಗೇ ಹೋಗುವುದು ಸಣ್ಣ ಮಾತಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯೋಕೇ ಕೈ ಬರುವುದಿಲ್ಲ. ಅಷ್ಟಾದ ಮೇಲೂ ಇನ್ನೂ 20 ಸಾಕಬೇಕು ಅಂತಿದ್ದೀರಲ್ಲ, ನನಗೆ ಖುಷಿಯಾಯಿತು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಪದಗಳ ಮೇಲೆ: ‘ಜೂನ್’ ಮತ್ತು ‘ತಾಡಪಾಲು’. ತಳಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಮರಿಗಳು ಹೋಗಿದ್ದು ತಳಿಯ ದೋಷದಿಂದ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ಕಡೆ ಕೋಳಿಗೆ ಎರಡು ಚಳಿ. ಒಂದು ಮಳೆ ಥಂಡಿ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವ ತನಕ ಬಿಸಿಲಿನ ಮುಖ ಕಾಣಲ್ಲ. ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತದೆ, ಗೋಡೆಗೆ ಬೂಷ್ಟು ಬರುತ್ತದೆ. ಇನ್ನೊಂದು ಮಾಗಿ ಚಳಿ. ರಾತ್ರಿ 10ರಿಂದ 14 ಡಿಗ್ರಿಗೆ ಇಳಿಯುತ್ತದೆ, ಹಳ್ಳದ ದಂಡೆಯಲ್ಲಿ, ಕಣಿವೆಯ ತಳದಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಬೆಳಿಗ್ಗೆ ಇಬ್ಬನಿ ಇರುತ್ತದೆ, ಆದರೆ ಹತ್ತು ಗಂಟೆಗೆ ಬಿಸಿಲು ಬಂದು ಎಲ್ಲ ಒಣಗುತ್ತದೆ. ಮನುಷ್ಯರಿಗೆ ಮಾಗಿ ಚಳಿ ಜಾಸ್ತಿ ಅನ್ನಿಸುತ್ತದೆ. ಕೋಳಿಗೆ ಜೀವ ತೆಗೆಯುವುದು ಮಳೆ ಥಂಡಿ.

ಯಾಕೆ ಅಂತ ಕೇಳಿ. ಬೆಳೆದ ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ನಮಗಿಂತ ನಾಲ್ಕು ಡಿಗ್ರಿ ಜಾಸ್ತಿ. ಅದು ತನ್ನ ಕಂಬಳಿಯನ್ನು ತಾನೇ ಹೊದ್ದುಕೊಂಡಿರುತ್ತದೆ. ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಟಾರ್ಚ್ ಹಿಡಿದು ಗೂಡಿಗೆ ಹೋಗಿ, ಬೆಳಕನ್ನು ನೇರವಾಗಿ ಬಿಡದೆ ನೋಡಿ. ಹಗಲಲ್ಲಿ ನಯವಾಗಿ ಕಾಣುವ ಕೋಳಿ ಆಗ ಒಂದೂವರೆ ಪಟ್ಟು ದಪ್ಪ ಕಾಣುತ್ತದೆ. ಪುಕ್ಕ ನಿಗುರಿಸಿಕೊಂಡು, ಎರಡೂ ಪಾದ ಹೊಟ್ಟೆಯ ಕೆಳಗೆ ಮುಚ್ಚಿಕೊಂಡು, ತಲೆಯನ್ನು ರೆಕ್ಕೆಯ ಹಿಂದೆ ಹುದುಗಿಸಿ ಕೂತಿರುತ್ತದೆ. ಮೆಲ್ಲಗೆ ಬೆನ್ನಿನ ಪುಕ್ಕದೊಳಗೆ ಬೆರಳು ತೂರಿಸಿ. ಹೊರಗಿನ ಪುಕ್ಕ ತಣ್ಣಗಿದ್ದರೂ ಒಳಗಿನ ತುಪ್ಪುಳದಲ್ಲಿ ಬೆರಳಿಗೆ ಬೆಚ್ಚನೆ ಗಾಳಿ ತಾಗುತ್ತದೆ. ಆ ಗಾಳಿಯೇ ಅದರ ಕಂಬಳಿ. ಪುಕ್ಕ ಒಣಗಿದ್ದರೆ ಗಾಳಿ ನಿಲ್ಲುತ್ತದೆ. ಪುಕ್ಕ ಒದ್ದೆಯಾಗಿ ಮೈಗೆ ಅಂಟಿದರೆ ಕಂಬಳಿಯನ್ನು ನೀರಲ್ಲಿ ಅದ್ದಿ ಹೊದ್ದ ಹಾಗೆ. ಕೆನಡಾದಂಥ ದೇಶದಲ್ಲಿ ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಕೋಳಿಗಳು ಬದುಕುತ್ತವೆ. ಅಲ್ಲಿನ ಒಣ ಚಳಿಗೆ ಒಣ ಪುಕ್ಕ ಸಾಕಾಗುತ್ತದೆ. ನಮ್ಮಲ್ಲಿ 18 ಡಿಗ್ರಿಯಲ್ಲೇ ಕೋಳಿ ನಡುಗುತ್ತದೆ, ಒದ್ದೆಯಾಗಿದ್ದರೆ.

ಈಗ ತಾಡಪಾಲಿನ ಮಾತು. ಕೆಲವು ವರ್ಷದ ಹಿಂದೆ ಕೊಪ್ಪದ ಕಡೆ ಒಂದು ಮನೆಗೆ ಹೋಗಿದ್ದೆ. ಜಡಿಮಳೆ. ಗೂಡಿಗೆ ನಿಮ್ಮ ಹಾಗೇ ನಾಲ್ಕೂ ಕಡೆ ನೀಲಿ ತಾಡಪಾಲು, ಕೆಳಗಡೆ ಕಲ್ಲು ಹೇರಿ ಬಿಗಿದಿದ್ದರು. ಬೆಳಿಗ್ಗೆ ಆರೂವರೆಗೆ ಒಂದು ಮೂಲೆ ಎತ್ತಿ ಒಳಗೆ ತಲೆ ಹಾಕಿದೆ. ಕಣ್ಣಲ್ಲಿ ಥಟ್ಟನೆ ನೀರು ಬಂತು. ತಾಡಪಾಲಿನ ಒಳ ಮೈಗೆ ಸಾಲಾಗಿ ನೀರಿನ ಹನಿ ನಿಂತಿದ್ದವು. ನಾನು ನೋಡುತ್ತಿದ್ದ ಹಾಗೇ ಒಂದು ಹನಿ ಜಾರಿ ಕೆಳಗಿದ್ದ ಹೇಟೆಯ ಬೆನ್ನಿಗೆ ಬಿತ್ತು. ಹೊರಗಿನ ಮಳೆ ಒಂದು ತೊಟ್ಟೂ ಒಳಗೆ ಬಂದಿರಲಿಲ್ಲ. ಆ ನೀರು ಕೋಳಿಗಳ ಉಸಿರಿನದ್ದು, ಹಿಕ್ಕೆಯದ್ದು. ಕೋಳಿ ಹಗಲು ರಾತ್ರಿ ಉಸಿರಲ್ಲಿ ನೀರಾವಿ ಬಿಡುತ್ತಲೇ ಇರುತ್ತದೆ. ಅದರ ಹಿಕ್ಕೆಯಲ್ಲೂ ಬಹುಪಾಲು ನೀರೇ. ಆ ಆವಿ ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ತಣ್ಣಗಿನ ತಾಡಪಾಲಿಗೋ ತಗಡಿಗೋ ತಾಗಿ ನೀರಾಗಿ ಮತ್ತೆ ಕೋಳಿಯ ಮೇಲೇ ಬೀಳುತ್ತದೆ. ಜತೆಗೆ ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಕಣ್ಣು ಉರಿಸಿದ್ದು ಅದೇ. ನಾವು ನಿಂತ ಎತ್ತರಕ್ಕೆ ವಾಸನೆ ಕಮ್ಮಿ ಅನ್ನಿಸಬಹುದು. ಗೂಡಿನ ಒಳಗೆ ಕುಕ್ಕರಗಾಲಲ್ಲಿ ಕೂತು, ಕೋಳಿಯ ಮೂಗಿನ ಎತ್ತರದಲ್ಲಿ ಉಸಿರೆಳೆದು ನೋಡಿ. ಅಲ್ಲಿ ಮೂಗು ಚುರುಗುಟ್ಟಿದರೆ ಕೋಳಿಯ ಶ್ವಾಸನಾಳಕ್ಕೆ ಆಗಲೇ ಪೆಟ್ಟು ಬೀಳುತ್ತಿದೆ ಅಂತಲೇ ತಿಳಿಯಿರಿ. ಗೊರಗೊರ ಸದ್ದು, ಸೀನು, ಕಣ್ಣಲ್ಲಿ ನೊರೆ ಎಲ್ಲ ಅಲ್ಲಿಂದ ಶುರು.

ಹಾಗಾಗಿ ಬೆಳೆದ ಕೋಳಿಗೆ ಹೀಟರ್ ಬೇಡವೇ ಬೇಡ. ನಮ್ಮ ಚಳಿಗೆ ಅದರ ಅಗತ್ಯವೇ ಇಲ್ಲ. ಒಂದು ವಾರ ಹೀಟರಿಗೆ ಒಗ್ಗಿದ ಕೋಳಿ, ಕರೆಂಟು ಹೋದ ರಾತ್ರಿ ಒಂದೇ ಏಟಿಗೆ ಥಂಡಿಗೆ ಬೀಳುತ್ತದೆ. ನಮ್ಮ ಕಡೆ ಕರೆಂಟು ಹೋಗುವುದು ಎಷ್ಟು ಹೊತ್ತು ಅಂತ ನಿಮಗೇ ಗೊತ್ತಲ್ವಾ. ಹೊಟ್ಟು ಹಾಸಿದ ಗೂಡಿನಲ್ಲಿ ಹೀಟರ್ ಉರುಳಿದರೆ ಬೆಂಕಿಯ ಭಯ ಬೇರೆ.

ಸರಿ, ತಳಿಗೆ ಬರೋಣ. ಬ್ರಹ್ಮಾ ನೋಡೋಕೆ ರಾಜನ ಹಾಗೆ ಇರುತ್ತದೆ, ನಿಜ. ಚೀನಾದ ಶಾಂಘೈ ಕಡೆಯಿಂದ ಹೋದ ಕೋಳಿಗಳಿಂದ ಅಮೆರಿಕದಲ್ಲಿ ಬೆಳೆಸಿದ ತಳಿ ಅದು. ಚಳಿ ದೇಶಕ್ಕೆ ಅದು ಹೇಳಿಸಿದ ಕೋಳಿ: ಜುಟ್ಟು ತೀರಾ ಸಣ್ಣದು, ಮೈ ದೊಡ್ಡದು, ಪಾದದ ಬೆರಳಿನ ತನಕ ಪುಕ್ಕ. ಹಿಮದಲ್ಲಿ ಉದ್ದ ಜುಟ್ಟಿನ ತುದಿ ಹೆಪ್ಪುಗಟ್ಟಿ ಕಪ್ಪಾಗಿ ಉದುರುತ್ತದೆ. ಅದಕ್ಕೇ ಅಲ್ಲಿಯವರು ಜುಟ್ಟು ನೋಡಿ ಕೋಳಿ ಆರಿಸುತ್ತಾರೆ. ಕೆನಡಾದ ಶಾಂಟೆಕ್ಲೇರ್ ಅನ್ನೋ ತಳಿಯಲ್ಲಂತೂ ಜುಟ್ಟು, ಗಲ್ಲದ ಜೋಲು ಎರಡೂ ಕಾಣಿಸದಷ್ಟು ಸಣ್ಣದು, ಅಲ್ಲಿನ ಚಳಿಗೇ ಅಂತ ಬೆಳೆಸಿದ್ದು. ನಮ್ಮಲ್ಲಿ ಜುಟ್ಟು ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ಬ್ರಹ್ಮಾದ ಆ ಕಾಲಿನ ಪುಕ್ಕ ಇದೆಯಲ್ಲ, ಜುಲೈ ತಿಂಗಳ ನಿಮ್ಮ ಅಂಗಳದಲ್ಲಿ ಅದು ಕೆಸರಿನ ಗಜ್ಜುಗವಾಗುತ್ತದೆ. ಕೆಸರು ಒಣಗಲ್ಲ, ಬೆರಳ ಸಂದಿ ಕೊಳೆಯುತ್ತದೆ, ಕಜ್ಜಿ ನುಸಿ ಸೇರಿಕೊಂಡರೆ ಗೊತ್ತೇ ಆಗಲ್ಲ. ಹಿಮದ ದೇಶದಲ್ಲಿ ವರವಾದದ್ದು ಮಲೆನಾಡಿನಲ್ಲಿ ಶಾಪ. ಆರ್ಪಿಂಗ್ಟನ್ ಇಂಗ್ಲೆಂಡಿನ ಕೆಂಟ್ ಕಡೆಯದ್ದು. ಹತ್ತಿಯ ಹಾಗೆ ಮೆತ್ತನೆ, ಸಡಿಲ ಪುಕ್ಕ. ಜಡಿಮಳೆಯಲ್ಲಿ ಒಂದು ಸಲ ತೊಯ್ದರೆ ಸಂಜೆ ತನಕ ಒಣಗಲ್ಲ. ಸಿಲ್ಕಿ ಅಂತ ರೇಷ್ಮೆ ಕೂದಲಿನ ಕೋಳಿ ಮಾರುತ್ತಾರಲ್ಲ, ಅದನ್ನಂತೂ ತರಲೇಬೇಡಿ. ಬೇರೆ ಕೋಳಿಯ ಪುಕ್ಕದ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನೀರು ಜಾರಿಸುತ್ತವೆ. ಸಿಲ್ಕಿಯ ಪುಕ್ಕದಲ್ಲಿ ಆ ಕೊಕ್ಕೆ ಕೆಲಸ ಮಾಡುವುದಿಲ್ಲ. ಮಳೆ ಬಿದ್ದರೆ ನೇರ ಚರ್ಮಕ್ಕೆ.

ಬೋಳು ಕತ್ತಿನ ಕೋಳಿಯೂ ನಿಮಗೆ ಬೇಡ. ಅದು ಸೆಖೆ ಊರಿಗೆ ಹೇಳಿಸಿದ್ದು, ಘಟ್ಟದ ಕೆಳಗೆ ಚೆನ್ನಾಗಿರುತ್ತದೆ.

ನಿಮ್ಮ ಜಾಗಕ್ಕೆ ನಾನು ಹೇಳುವುದು ಹೀಗೆ: ಮೈಗೆ ಬಿಗಿಯಾಗಿ ಅಂಟಿದ ಪುಕ್ಕ, ಬೋಳು ಕಾಲು, ಚುರುಕು ನಡಿಗೆ, ಮಧ್ಯಮ ಗಾತ್ರ. ನಮ್ಮ ಊರಿನ ನಾಟಿ ಕೋಳಿಯಲ್ಲಿ ಈ ನಾಲ್ಕೂ ಇವೆ. ಮಳೆ ಬಂದರೆ ಸೂರಿನ ಕೆಳಗೆ ಓಡಿಹೋಗುವ ಬುದ್ಧಿಯೂ ಇದೆ. ವರ್ಷಕ್ಕೆ 60–80 ಮೊಟ್ಟೆ ಅಷ್ಟೇ ಇಡುತ್ತದೆ, ಆದರೆ ತಾನೇ ಕಾವು ಕೂತು, ಮರಿ ಮಾಡಿ, ಮರಿಯನ್ನು ರೆಕ್ಕೆಯಡಿ ಬೆಚ್ಚಗಿಟ್ಟು ಸಾಕುತ್ತದೆ. ನಿಮ್ಮ ಗಿರಿರಾಜವೂ ತಪ್ಪು ಆಯ್ಕೆ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ರೈತರ ಹಿತ್ತಿಲಿಗೆ ಅಂತಲೇ ಬೆಳೆಸಿದ ತಳಿ ಅದು. ವರ್ಷಕ್ಕೆ 130–150 ಮೊಟ್ಟೆ ಇಡುತ್ತದೆ. ಆಮೇಲೆ ಬಂದ ಸ್ವರ್ಣಧಾರಾ ಇನ್ನೂ ಸ್ವಲ್ಪ ಹಗುರ, ಓಡಾಟ ಜಾಸ್ತಿ, ಮೊಟ್ಟೆ 180ರ ಹತ್ತಿರ ಹೋಗುತ್ತದೆ. ತೋಟದಲ್ಲಿ ಮೇಯಿಸುವವರಿಗೆ ನಾನು ಸ್ವರ್ಣಧಾರಾ ಹೇಳುತ್ತೇನೆ. ಹಗುರ ಇದ್ದಷ್ಟೂ ಕಾಡುಬೆಕ್ಕು, ಮುಂಗುಸಿಯಿಂದ ತಪ್ಪಿಸಿಕೊಳ್ಳೋದು ಸಲೀಸು. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಆಗಬಹುದು. ವಿದೇಶಿ ತಳಿಯೇ ಬೇಕು ಅಂತ ಮನಸ್ಸಿದ್ದರೆ ರೋಡ್ ಐಲೆಂಡ್ ರೆಡ್ ಅಥವಾ ಕಪ್ಪು ಆಸ್ಟ್ರಲಾರ್ಪ್ ನೋಡಿ. ಎರಡೂ ಗಟ್ಟಿ ಜೀವ, ಬೋಳು ಕಾಲು. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಕೋಳಿ. ಗಟ್ಟಿಯೇ, ಆದರೆ ಮೊಟ್ಟೆಯೂ ಕಮ್ಮಿ, ಕಾವು ಕೂರುವುದೂ ಕಮ್ಮಿ. ಬೆಲೆ ನೋಡಿ ಮರುಳಾಗಬೇಡಿ.

ನನ್ನ ಮನಸ್ಸಿನ ಮಾತು ಕೇಳಿದರೆ: 20ರಲ್ಲಿ 15 ಸ್ವರ್ಣಧಾರಾ, 5 ಒಳ್ಳೆಯ ನಾಟಿ ಹೇಟೆ. ಗಿರಿರಾಜ, ಸ್ವರ್ಣಧಾರಾ ಕಾವು ಕೂರೋದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಆ ಐದು ನಾಟಿ ಹೇಟೆ ನಿಮ್ಮ ಮನೆಯ ಹೀಟರ್. ಮರಿಗಳಿಗೆ ಬೇಕಾದ ಕಾವನ್ನು ಅವೇ ಕೊಡುತ್ತವೆ, ಕರೆಂಟು ಇದ್ದರೂ ಹೋದರೂ.

ಇನ್ನು ‘ಜೂನ್’. ಒಂದು ದಿನದ ಮರಿಗೆ ಪುಕ್ಕ ಇಲ್ಲ, ತುಪ್ಪುಳ ಅಷ್ಟೇ. ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳುವ ಶಕ್ತಿ ಮೊದಲ ವಾರಗಳಲ್ಲಿ ಇರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬಂದು, ಐದಾರು ವಾರಕ್ಕೆ ಮೈತುಂಬ ಪುಕ್ಕ ಬಂದ ಮೇಲೆ ಕಾವು ನಿಲ್ಲಿಸಬಹುದು. ನೀವು ಆ ಆರು ವಾರವನ್ನು ವರ್ಷದ ಅತಿ ಕೆಟ್ಟ ಆರು ವಾರದಲ್ಲಿ ಇಟ್ಟುಕೊಂಡಿರಿ. ನಿಮ್ಮ ಬಲ್ಬು ಯಾವುದು ಅಂತ ಬರೆದಿಲ್ಲ. ಎಲ್‌ಇಡಿ ಆಗಿದ್ದರೆ ಅದರಿಂದ ಬೆಳಕು ಬಂತೇ ಹೊರತು ಕಾವು ಬರಲಿಲ್ಲ. ಹಳೇ ಕಾಲದ ತಂತಿಯ ಬಲ್ಬಾದರೆ ಮರಿಗೆ ಒಂದರಿಂದ ಎರಡು ವ್ಯಾಟಿನ ಲೆಕ್ಕ ಇತ್ತು. ಈಗ ಅದು ಅಂಗಡಿಯಲ್ಲಿ ಸಿಗುವುದೇ ಕಷ್ಟ, ಇನ್ಫ್ರಾರೆಡ್ ಬಲ್ಬು ತರಬೇಕು. ಈ ಒಂದು ತಪ್ಪಿನಿಂದ ಮರಿ ಕಳೆದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೊಸ ಬಲ್ಬಿನ ಜಗಜಗ ಬೆಳಕಿನ ಕೆಳಗೇ ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ.

ಹಾಗಾದರೆ ಯಾವಾಗ ತರಬೇಕು? ಜನವರಿ ಕೊನೆ, ಫೆಬ್ರವರಿ. ಚಳಿ ಇರುತ್ತದೆ, ಆದರೆ ಒಣ ಚಳಿ. ಒಣ ಚಳಿಯಲ್ಲಿ ಮರಿ ಸಾಕುವುದು ಎಷ್ಟೋ ಸುಲಭ. ಹಗಲು ಬಿಸಿಲು ಇರುತ್ತದೆ, ಹಾಸು ಒಣಗಿರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುವ ಹೊತ್ತಿಗೆ ನಿಮ್ಮ ಮರಿಗೂ ಪುಕ್ಕ ಬರುತ್ತಿರುತ್ತದೆ. ಜೂನಿನಲ್ಲಿ ಮಳೆ ಹಿಡಿಯುವಾಗ ಅವಕ್ಕೆ ನಾಲ್ಕು ತಿಂಗಳು ದಾಟಿ, ಲಸಿಕೆಗಳೆಲ್ಲ ಮುಗಿದು, ಮೈತುಂಬ ಪುಕ್ಕ ಇರುತ್ತದೆ. ಆಗ ಮಳೆ ಬಂದರೆ ಬರಲಿ.

ಮರಿ ಬೆಚ್ಚಗಿದೆಯಾ ಅಂತ ತಿಳಿಯೋಕೆ ಥರ್ಮಾಮೀಟರಿಗಿಂತ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಗುಂಪಾಗಿ ಮುದ್ದೆಯಾಗಿ ಚೀಂಯ್ಗುಟ್ಟುತ್ತಿದ್ದರೆ ಚಳಿ. ದೂರ ಹೋಗಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಸೆಖೆ. ಎಲ್ಲರೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಸುಳಿಯುತ್ತಿದೆ. ಹರಡಿಕೊಂಡು ಮಲಗಿ, ಎದ್ದು, ತಿಂದು, ಮತ್ತೆ ಮಲಗಿದರೆ ಸರಿಯಾಗಿದೆ. ಇನ್ನೊಂದು ಮಾತು ಜೋರಾಗಿ ಹೇಳುತ್ತೇನೆ. ಕರೆಂಟು ಹೋಯಿತು ಅಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರ ಹೊಗೆ ಕಣ್ಣಿಗೆ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಮರಿಗಳ ಜತೆ ಪಕ್ಕದಲ್ಲಿ ಮಲಗಿದ ಮನುಷ್ಯರ ಜೀವಕ್ಕೂ ಅಪಾಯ. ಅದರ ಬದಲು ಬಿಸಿನೀರು ತುಂಬಿದ ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ಮರಿಗಳ ಮಧ್ಯೆ ಇಡಿ, ಮೂರು ಗಂಟೆಗೊಮ್ಮೆ ಬದಲಿಸಿ. ಒಂದು ರಾತ್ರಿ ದಾಟಿಸೋಕೆ ಅಷ್ಟು ಸಾಕು.

ಈಗ ಗೂಡು ಕಟ್ಟೋಣ. 20 ಕೋಳಿಗೆ ಹತ್ತು ಅಡಿ ಉದ್ದ, ಆರು ಅಡಿ ಅಗಲ ಇರಲಿ. ಕೋಳಿಗೆ ಮೂರು ಚದರ ಅಡಿ ಬೀಳುತ್ತದೆ. ಪುಸ್ತಕದ ಲೆಕ್ಕಕ್ಕೆ ಎರಡು ಸಾಕು, ಆದರೆ ಜಡಿಮಳೆಯಲ್ಲಿ ದಿನಗಟ್ಟಲೆ ಒಳಗೇ ಇರಬೇಕಾಗುತ್ತದೆ. ಇಕ್ಕಟ್ಟಾದರೆ ಪುಕ್ಕ ಕಿತ್ತುಕೊಳ್ಳುತ್ತವೆ, ಹಾಸೂ ಬೇಗ ಒದ್ದೆಯಾಗುತ್ತದೆ. ಉಳಿದ 11 ಗಿರಿರಾಜವನ್ನೂ ಸೇರಿಸುವುದಾದರೆ ಉದ್ದವನ್ನು ಹದಿನಾರು ಅಡಿಗೆ ಎಳೆಯಿರಿ.

ಜಾಗ ಆರಿಸುವಾಗ ಗಾಳಿಯ ದಿಕ್ಕು ನೆನಪಿಡಿ. ಮಳೆಗಾಲದಲ್ಲಿ ಪಡುಗಾಳಿ, ಘಟ್ಟದ ಕಡೆಯಿಂದ ಎರಚಲು ಹೊತ್ತು ತರುತ್ತದೆ. ಮಾಗಿಯಲ್ಲಿ ಮೂಡಗಾಳಿ, ಒಣ, ಕೊರೆಯುವ ಗಾಳಿ. ಅದಕ್ಕೇ ಪಡುವಣ ಮತ್ತು ತೆಂಕಣ ಗೋಡೆಯನ್ನು ಮೇಲಿನ ಒಂದು ಅಡಿ ಬಿಟ್ಟು ಪೂರ್ತಿ ಮುಚ್ಚಿ. ಅಡಿಕೆ ದಬ್ಬೆ, ಹಲಗೆ, ಇಟ್ಟಿಗೆ ಯಾವುದಾದರೂ ಸರಿ. ಬಾಗಿಲು ಮೂಡಣಕ್ಕೆ ಇರಲಿ, ಬೆಳಗಿನ ಎಳೆಬಿಸಿಲು ನೇರ ಒಳಗೆ ಬಿದ್ದು ಹಾಸು ಒಣಗಿಸುತ್ತದೆ. ಮೂಡಣದ ಜಾಲರಿಗೆ ಒಂದು ಗೋಣಿ ಪರದೆ ಕಟ್ಟಿ, ಮಾಗಿಯಲ್ಲಿ ಸಂಜೆ ಇಳಿಸಿ ಬೆಳಿಗ್ಗೆ ಎತ್ತಿ. ಪರದೆ ಯಾವತ್ತೂ ಕೆಳಗಿನಿಂದ ಮುಕ್ಕಾಲು ಎತ್ತರಕ್ಕೆ ಮಾತ್ರ ಬರಬೇಕು. ನಾಲ್ಕೂ ಗೋಡೆಯ ಮೇಲ್ಗಡೆ, ಸೂರಿನ ಕೆಳಗೆ, ಒಂದು ಅಡಿ ಜಾಲರಿ ತೆರೆದೇ ಇರಲಿ, ಮಳೆಗೂ, ಮಾಗಿಗೂ. ಬಿಸಿ ಆವಿ ಮೇಲೇರಿ ಅಲ್ಲಿಂದ ಹೋಗುತ್ತದೆ. ಕೋಳಿ ಕೂರುವ ಎತ್ತರದಲ್ಲಿ ಗಾಳಿ ಬೀಸಬಾರದು, ತಲೆಯ ಮೇಲೆ ಗಾಳಿ ಆಡುತ್ತಿರಬೇಕು. ಈ ಒಂದನ್ನು ಸರಿಯಾಗಿ ಮಾಡಿದರೆ ನಿಮ್ಮ ಅರ್ಧ ಕಷ್ಟ ಕಳೆಯಿತು.

ಸೂರು ಮೂರು ಅಡಿಯಾದರೂ ಹೊರಗೆ ಚಾಚಿರಲಿ. ಮಂಗಳೂರು ಹೆಂಚು ಸಿಕ್ಕಿದರೆ ಅದೇ ಒಳ್ಳೆಯದು. ಹಳೇ ಮನೆ ಬಿಚ್ಚಿದ ಹೆಂಚು ನಮ್ಮ ಕಡೆ ಕಮ್ಮಿ ಬೆಲೆಗೆ ಸಿಗುತ್ತದೆ. ಸಂದಿಯಲ್ಲಿ ಆವಿ ಹೋಗುತ್ತದೆ, ಹನಿ ಕಟ್ಟಲ್ಲ. ತಗಡೇ ಹಾಕುವುದಾದರೆ ಅದರ ಅಡಿಗೆ ಅಡಿಕೆ ಸೋಗೆಯದ್ದೋ ಬಿದಿರು ತಟ್ಟಿಯದ್ದೋ ಒಂದು ಪದರ ಕೊಡಿ. ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿರಲಿ, ಸುತ್ತ ನೀರು ಹೋಗೋಕೆ ಚರಂಡಿ ತೆಗೆಯಿರಿ. ಜಾಲರಿ ಅರ್ಧ ಇಂಚಿನ ವೆಲ್ಡ್ ಜಾಲರಿಯೇ ಆಗಬೇಕು. ಅಗ್ಗದ ಕೋಳಿ ಜಾಲರಿಯನ್ನು ಕಾಡುಬೆಕ್ಕು ಹರಿದುಬಿಡುತ್ತದೆ, ದೊಡ್ಡ ಕಣ್ಣಿನದ್ದರಲ್ಲಿ ಹಾವು ನುಗ್ಗುತ್ತದೆ.

ಕೂರೋಕೆ ಗಳ ಬೇಕು. ನೆಲದ ಮೇಲೆ ಮಲಗಿದ ಕೋಳಿ ರಾತ್ರಿಯಿಡೀ ತನ್ನ ಹಿಕ್ಕೆಯ ತೇವದಲ್ಲೇ ಇರುತ್ತದೆ. ಕೋಳಿಗೆ ಒಂಬತ್ತು ಇಂಚಿನಂತೆ 20ಕ್ಕೆ ಹದಿನೈದು ಅಡಿ, ಅಂದರೆ ಎಂಟು ಅಡಿಯ ಎರಡು ಗಳ. ಎರಡೂ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೇಲಿನದಕ್ಕೆ ಜಗಳ ಆಗುತ್ತದೆ. ಗಿರಿರಾಜ ಭಾರದ ಕೋಳಿ, ಎತ್ತರದಿಂದ ಧುಮುಕಿ ಪಾದಕ್ಕೆ ಬಾವು ಮಾಡಿಕೊಳ್ಳುತ್ತದೆ. ನೆಲದಿಂದ ಎರಡು ಅಡಿ ಸಾಕು. ದುಂಡು ಬಿದಿರು, ಕಬ್ಬಿಣದ ಪೈಪು ಬೇಡ. ಎರಡು ಇಂಚು ಅಗಲದ ಚಪ್ಪಟೆ ಮರ ಹಾಕಿ ಅಂಚನ್ನು ಉಜ್ಜಿ. ಅಗಲ ಇದ್ದರೆ ಕೋಳಿ ಪಾದ ಚಾಚಿ ಕೂತು ಬೆರಳನ್ನು ಹೊಟ್ಟೆಯ ಪುಕ್ಕದಿಂದ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಹಾಸಿನ ಮೇಲೆ ನನಗೆ ಪ್ರೀತಿ ಜಾಸ್ತಿ, ಯಾಕೆಂದರೆ ಗೂಡಿನ ಆರೋಗ್ಯ ಅಲ್ಲಿ ಬರೆದಿರುತ್ತದೆ. ಭತ್ತದ ಹೊಟ್ಟು ಒಳ್ಳೆಯದು, ಸಿಲ್ವರ್ ಓಕಿನ ಹೆರೆತದ ಸಿಪ್ಪೆಯೂ ಒಳ್ಳೆಯದು. ನಾಲ್ಕರಿಂದ ಆರು ಇಂಚು ದಪ್ಪ ಹಾಕಿ. ತೀರಾ ನುಣ್ಣನೆ ಗರಗಸದ ಪುಡಿ ಬೇಡ, ಮರಿಗಳು ಮೇವು ಅಂತ ತಿನ್ನುತ್ತವೆ. ಕಾಫಿ ಹಣ್ಣಿನ ಒಣ ಸಿಪ್ಪೆ ಮನೆಯಲ್ಲೇ ರಾಶಿ ಬಿದ್ದಿದೆ ಅಂತ ಅದನ್ನು ಹಾಸಬೇಡಿ. ತೇವ ಎಳೆದು ಬೇಗ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಪುಡಿ ಕೋಳಿಯ ಶ್ವಾಸಕೋಶದಲ್ಲಿ ಬೇರು ಬಿಡುತ್ತದೆ. ದಿನಾ ಬೆಳಿಗ್ಗೆ ಹಾಸಿಗೆ ಕೈ ಹಾಕಿ ಒಂದು ಮುಷ್ಟಿ ಹಿಡಿದು ಒತ್ತಿ, ಬಿಡಿ. ಉದುರಿ ಬಿದ್ದರೆ ಸರಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ ಆಗಿದೆ. ಅಂಗೈ ಒದ್ದೆಯಾದರೆ ಅವತ್ತೇ ಅಷ್ಟು ಜಾಗದ ಹಾಸು ತೆಗೆದು ಹೊಸದು ಹಾಕಿ. ಒದ್ದೆ ಹಾಸಿನ ಮೇಲೆ ಸುಣ್ಣ ಎರಚುವ ಅಭ್ಯಾಸ ಕೆಲವರಿಗಿದೆ. ಕೋಳಿ ಒಳಗಿರುವಾಗ ಹಾಗೆ ಮಾಡಿದರೆ ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಮೊದಲು ಒದ್ದೆ ತೆಗೆಯಿರಿ, ಆಮೇಲೆ ನೆಲಕ್ಕೆ ತೆಳುವಾಗಿ ಸುಣ್ಣ, ಅದರ ಮೇಲೆ ಹೊಸ ಹಾಸು. ತೆಗೆದ ಹಾಸನ್ನು ಗೊಬ್ಬರದ ಗುಂಡಿಗೆ ಹಾಕಿ ಕೊಳೆಸಿದರೆ ಕಾಫಿಗೂ ಮೆಣಸಿಗೂ ಒಳ್ಳೆಯ ಗೊಬ್ಬರ.

ಹಾಸು ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯಿಂದ. ಎರಡು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ಮಾಗಿಯ ಬೆಳಿಗ್ಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಕೊಡಿ. ನೀರು ತಣ್ಣಗಿದ್ದರೆ ಕಮ್ಮಿ ಕುಡಿಯುತ್ತವೆ, ನೀರು ಕಮ್ಮಿಯಾದರೆ ಮೇವೂ ಕಮ್ಮಿ, ಮೊಟ್ಟೆಯೂ ಕಮ್ಮಿ.

ಮೇವು ದಿನಕ್ಕೆ ಕೋಳಿಗೆ 110–120 ಗ್ರಾಂ ಬೇಕು, ಚಳಿಯಲ್ಲಿ ಸ್ವಲ್ಪ ಮೇಲೆಯೇ ತಿನ್ನುತ್ತವೆ. ಸಂಜೆ ಗೂಡು ಸೇರುವ ಮುಂಚೆ ಒಡೆದ ಮುಸುಕಿನ ಜೋಳ, ಇಲ್ಲವೇ ರಾಗಿ, ಕೋಳಿಗೆ 25–30 ಗ್ರಾಂ ಎರಚಿ. ರಾತ್ರಿಯಿಡೀ ನಿಧಾನ ಅರಗುತ್ತಾ ಒಳಗಿನಿಂದ ಕಾವು ಕೊಡುತ್ತದೆ. ಆದರೆ ಮುಸುಕಿನ ಜೋಳ ತರುವಾಗ ಎಚ್ಚರ. ಹಾಸನ, ಅರಸೀಕೆರೆ, ಕಡೂರು ಕಡೆಯಿಂದ ಒಣಗಿ ಬಂದ ಜೋಳವೂ ನಮ್ಮ ಮಳೆಗಾಲದ ಉಗ್ರಾಣದಲ್ಲಿ ಹದಿನೈದು ದಿನಕ್ಕೆ ಮೆತ್ತಗಾಗುತ್ತದೆ. ಮೊಳಕೆಯ ಹತ್ತಿರ ಹಸಿರು ಪುಡಿ ಕಂಡರೆ ಅದು ಅಫ್ಲಾಟಾಕ್ಸಿನ್ ಮಾಡುವ ಬೂಷ್ಟು ಇರಬಹುದು. ತೊಳೆದರೂ ಹುರಿದರೂ ಆ ವಿಷ ಹೋಗಲ್ಲ. ಮನಸ್ಸು ಗಟ್ಟಿ ಮಾಡಿ ಎಸೆಯಿರಿ. ಮಳೆಗಾಲಕ್ಕೆ ವಾರಕ್ಕೆ ಬೇಕಾದಷ್ಟು ಮಾತ್ರ ತನ್ನಿ, ಮುಚ್ಚಳ ಇರುವ ಡ್ರಮ್ಮಿನಲ್ಲಿ ಇಡಿ.

ಮಾಗಿಯಲ್ಲಿ ಮೊಟ್ಟೆ ಕಮ್ಮಿಯಾದರೆ ಗಾಬರಿ ಬೇಡ. ಮೊಟ್ಟೆಗೆ 14 ಗಂಟೆ ಬೆಳಕು ಬೇಕು. ನಮ್ಮಲ್ಲಿ ಡಿಸೆಂಬರಿನ ಹಗಲು ಹನ್ನೊಂದೂಕಾಲು ಗಂಟೆ ಚಿಲ್ಲರೆ. ಇದಕ್ಕೆ ಎಲ್‌ಇಡಿ ಸಾಕು, 9 ವ್ಯಾಟಿನ ಒಂದು ಹಳದಿ ಬಲ್ಬು. ಸಂಜೆಗಿಂತ ಬೆಳಗಿನ ಜಾವ ಹಾಕಿ. ಸಂಜೆ ಥಟ್ಟನೆ ದೀಪ ಆರಿದರೆ ಕೋಳಿಗಳು ಗಳ ಹತ್ತಲಾಗದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ. ಪುಕ್ಕ ಉದುರಿಸುತ್ತಿದ್ದರೆ ಮಾತ್ರ ಮೊಟ್ಟೆಗೆ ಒತ್ತಾಯ ಮಾಡಬೇಡಿ. ಪುಕ್ಕ ಅಂದರೆ ಬಹುಪಾಲು ಪ್ರೋಟೀನ್. ಕಡಲೆ ಹಿಂಡಿ, ಒಣಮೀನಿನ ಪುಡಿ ಸ್ವಲ್ಪ ಜಾಸ್ತಿ ಮಾಡಿ, ಹೊಸ ಕಂಬಳಿ ನೇಯ್ದುಕೊಳ್ಳಲಿ.

ರೋಗದ ಬಗ್ಗೆ ಎರಡೇ ಮಾತು. ಮಳೆಗಾಲದಲ್ಲಿ ಮೂರರಿಂದ ಆರು ವಾರದ ಮರಿ ರಕ್ತಭೇದಿ ಮಾಡಿ ಸತ್ತರೆ ಅದು ಕಾಕ್ಸಿಡಿಯೋಸಿಸ್. ಒದ್ದೆ ಹಾಸಿನಲ್ಲಿ ಬೆಳೆಯುವ ರೋಗ. ನಿಮ್ಮ ಮರಿಗಳಲ್ಲಿ ಕೆಲವು ಅದರಿಂದಲೂ ಹೋಗಿರಬಹುದು. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಮದ್ದು ಇದೆ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಕೇತ್ ಅನ್ನೋ ಕೋಳಿ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. 5–7ನೇ ದಿನ ಕಣ್ಣಿಗೆ ಹನಿ, ನಾಲ್ಕನೇ ವಾರ ಲಸೋಟಾ, 8–10ನೇ ವಾರ ಆರ್‌2ಬಿ ಚುಚ್ಚುಮದ್ದು. ಲಸಿಕೆಯನ್ನು ಪೇಟೆಯಿಂದ ತರುವಾಗ ಐಸು ಹಾಕಿದ ಫ್ಲಾಸ್ಕಿನಲ್ಲೇ ತನ್ನಿ. ಜೇಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರೆ ಮನೆಗೆ ಬರುವುದು ಬರೀ ನೀರು. ಹೊಸ ಕೋಳಿ ತಂದರೆ ಮೂರು ವಾರ ಬೇರೆಯಾಗಿ ಇಡಿ, ಸಂತೆಯಲ್ಲಿ ಕೊಂಡಿದ್ದಾದರೆ ನಾಲ್ಕು ವಾರ.

ಈ ವಾರ ನೀವು ಮಾಡಬೇಕಾದ್ದು ಸ್ವಲ್ಪವೇ. ಅರೇಬಿಕಾ ಕುಯ್ಲಿನ ಗಡಿಬಿಡಿ ಇರುತ್ತದೆ, ಗೊತ್ತು. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ತಾಡಪಾಲನ್ನು ಮೇಲಿನಿಂದ ಒಂದು ಅಡಿ ಕೆಳಗೆ ಇಳಿಸಿ ಕಟ್ಟಿ. ಮೂಡಣದ ಕಡೆಯದ್ದನ್ನು ಹಗಲಲ್ಲಿ ಪೂರ್ತಿ ಎತ್ತಿ. ಹಳೇ ಹಾಸು ತೆಗೆದು, ನೆಲಕ್ಕೆ ಎರಡು ದಿನ ಬಿಸಿಲು ಬೀಳಲಿ, ಆಮೇಲೆ ಹೊಸ ಹೊಟ್ಟು. ಒಂದು ಮೂಲೆಯಲ್ಲಿ ಸೌದೆ ಒಲೆಯ ತಣ್ಣಗಾದ ಬೂದಿ, ಒಣ ಮಣ್ಣು ಬೆರೆಸಿ ಮಂಕರಿಯಲ್ಲಿಡಿ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ತೋಟಕ್ಕೆ ಮದ್ದು ಹೊಡೆದ ದಿನ ಹೊರಗೆ ಬಿಡಬೇಡಿ. ಹೊಸ ಮರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲೋ ಈಗಲೇ ವಿಚಾರಿಸಿ, ಒಳ್ಳೆಯ ಮರಿಗೆ ಮೊದಲೇ ಹೆಸರು ಬರೆಸಬೇಕಾಗುತ್ತದೆ. ಮಾರೆಕ್ಸ್ ಅನ್ನೋ ಕೋಳಿ ರೋಗದ ಲಸಿಕೆ ಹಾಕಿದ ಮರಿಯಾ ಅಂತ ಕೇಳಿ ತನ್ನಿ, ಅದನ್ನು ಮೊಟ್ಟೆ ಒಡೆದ ದಿನವೇ ಹಾಕಬೇಕು. ಸಂಕ್ರಾಂತಿ ಆದ ಮೇಲಿನ ದಿನಾಂಕಕ್ಕೆ ಕೇಳಿ. ಅಷ್ಟರಲ್ಲಿ ಗಳ, ಸೂರು, ಜಾಲರಿ ಮುಗಿದಿರಲಿ.